ಮುಂಡರಗಿ ಬಸ್ಸಿನ ಡೀಸೆಲ್ ಕುಡಿದವರು ಯಾರು

೧೯೭೪, ಜನವರಿ ೭, ಸೋಮವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಈ ಪ್ರಕರಣ ಶುರುವಾದ ಹೊತ್ತನ್ನು ನನ್ನ ದಿನಚರಿ ಹೀಗೆ ಹೇಳುತ್ತದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಗದಗಿನ ಸುತ್ತಲಿನ ಊರುಗಳಿಗೆ ಓಡುವ ಬಸ್ಸುಗಳ ಒಂದು ಡಿಪೋದಲ್ಲಿ ನಾನು ಡೀಸೆಲ್ ಕ್ಲಾರ್ಕ್. ಯಾವ ಡಿಪೋ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಡಿಪೋಗಳವರು ತಮ್ಮಲ್ಲಿ ಹಾಗೆ ನಡೆದೇ ಇಲ್ಲ ಎಂದುಕೊಂಡಾರು. ಆ ಹೊತ್ತಿಗೆ ನಾನು ಮುಂಡರಗಿ ಬಸ್ಸಿನ ಚಾಲಕ ಯಲ್ಲಪ್ಪನ ಹೆಸರಿನ ಮುಂದೆ ಎರಡನೆಯ ಕೆಂಪು ಗುರುತು ಹಾಕಿದೆ.

ಕೆಂಪು ಗುರುತು ಎಂದರೇನೆಂದು ಈಗ ಕೆಲಸಕ್ಕೆ ಸೇರುವ ಹುಡುಗರಿಗೆ ತಿಳಿಯದು. ಬಸ್ಸು ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಬೇಕು. ಮೂರು ತಿಂಗಳ ಸರಾಸರಿ ಅದಕ್ಕಿಂತ ಕಡಿಮೆ ಬಂದರೆ ಚಾಲಕನಿಗೆ ಒಂದು ಗುರುತು. ಮೂರು ಗುರುತಾದರೆ ಅವನನ್ನು ಸ್ಟೇರಿಂಗಿನಿಂದ ಇಳಿಸಿ ಬಸ್ಸು ತೊಳೆಯಲು ಹಾಕುತ್ತಿದ್ದರು. ಡೀಸೆಲ್ ಕದ್ದು ಮಾರಿದ ಎಂದು ಯಾರೂ ಬರೆಯುತ್ತಿರಲಿಲ್ಲ. ಬರೆಯುವ ಅಗತ್ಯವಿರಲಿಲ್ಲ, ಬಕೀಟು ಹಿಡಿದು ನಿಂತವನನ್ನು ನೋಡಿದರೆ ಊರಿಗೇ ತಿಳಿಯುತ್ತಿತ್ತು.

ಯಲ್ಲಪ್ಪನಿಗೆ ಹತ್ತೊಂಬತ್ತು ವರ್ಷದ ಸರ್ವಿಸು. ಗುರುತು ಹಾಕಿದ್ದನ್ನು ನೋಡಿ ಅವನು ನನ್ನ ಮೇಜಿನ ಮೇಲೆ ಕೈಯೂರಿ ನಿಂತ.

“ತಮ್ಮಾ, ಆ ಶಾಯಿ ಎಲ್ಲಿ ತರ್ತಿ? ಭಾಳ ಛಂದ ಮೂಡ್ತೈತಿ.”

“ಯಲ್ಲಪ್ಪಣ್ಣ, ನಾ ಏನ್ ಮಾಡ್ಲಿ? ಲೀಟರಿಗೆ ಮೂರೂ ಮುಕ್ಕಾಲು ಬಂದೈತಿ. ನಿಯಮದ ಪ್ರಕಾರ…”

“ನಿಯಮ ಇರ್ಲಿ. ನಿನ್ನೆ ಮುಂಡರಗಿ ಸ್ಟ್ಯಾಂಡಿನ್ಯಾಗ ಚಾದ ಅಂಗಡಿಯಾಂವ ಎಲ್ಲಾರ ಮುಂದ ಕೇಳ್ದ, ‘ಯಲ್ಲಪ್ಪಾ, ನಮಗೂ ಎರಡು ಲೀಟರ್ ಹಾಕ್ತೀ ಏನಪಾ’ ಅಂತ. ನಕ್ಕರು. ನಾನೂ ನಕ್ಕೆ. ನಗದ ಏನ್ ಮಾಡ್ಬೇಕು? ಸ್ಟೇರಿಂಗ್ ಹೋದ್ರ ಹೋಗ್ಲಿ. ಆದ್ರ ಕಳ್ಳ ಅನ್ನಿಸ್ಕೊಂಡು ಇಳಿಯಂಗಿಲ್ಲ ನೋಡು.”

ಮೂರನೆಯ ಲೆಕ್ಕ ತೆಗೆಯುವುದು ಏಪ್ರಿಲ್ ೮ಕ್ಕೆ. ಅವನಿಗೆ ಉಳಿದದ್ದು ಮೂರು ತಿಂಗಳು, ಒಂದು ದಿನ.

ಆಗ ಡೀಸೆಲ್ ಮಾತೆಂದರೆ ಎಲ್ಲರೂ ಕಿವಿ ನಿಮಿರಿಸುವ ಕಾಲ. ಹಿಂದಿನ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುವಿದ್ದವು. ಡಿಪೋದ ಎದುರಿನ ಚಹಾ ಅಂಗಡಿಯಲ್ಲಿ ಒಂದು ವಾರ ಕೂತು, ಬೆಲೆ ಏಕೆ ಏರಿತೆಂದು ಕೇಳಿ ಬರೆದುಕೊಂಡೆ. ಹದಿನೇಳು ಜನ ಉತ್ತರ ಕೊಟ್ಟರು. ಅರಬರು ಎಂದವರು ನಾಲ್ವರು, ಸರಕಾರ ಎಂದವರು ಆರು ಮಂದಿ, ವ್ಯಾಪಾರಿಗಳು ಎಂದವರು ಐವರು, ಕಲಿಯುಗ ಎಂದವರು ಇಬ್ಬರು. ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ಅಪ್ಪ ಉತ್ತರ ಕೊಡಲಿಲ್ಲ, ಪ್ರಶ್ನೆ ಕೇಳಿದ: “ಅಲ್ಲೋ, ಅರಬಸ್ತಾನದಾಗ ನಲ್ಲಿ ತಿರುವಿದ್ರ ಬೆಟಗೇರ್ಯಾಗ ನನ್ನ ಲಾಟೀನ ಯಾಕ ಆರ್ತೈತಿ? ನಡಬರಕ ಯಾರ‍್ಯಾರ ಅದಾರ?”

ನಡುವೆ ಯಾರು ಯಾರು ಇದ್ದಾರೆ ಎಂಬುದನ್ನು ಆಮೇಲೆ ಮೂವತ್ತು ವರ್ಷ ಕಲಿತೆ. ಬಾವಿಯ ಒಡೆಯ, ಹಡಗಿನವನು, ಶುದ್ಧ ಮಾಡುವವನು, ತೆರಿಗೆಯವನು, ಟ್ಯಾಂಕರಿನವನು, ಪಂಪಿನವನು. ಒಬ್ಬೊಬ್ಬನೂ ಒಂದೊಂದು ಗುಟುಕು ಏರಿಸಿ ಮುಂದೆ ಕಳಿಸುತ್ತಾನೆ, ಕೇಳಿದರೆ ಹಿಂದಿನವನನ್ನು ತೋರಿಸುತ್ತಾನೆ. ನಮ್ಮ ಮ್ಯಾನೇಜರ್ ಸಾಹೇಬರಿಗೆ ಇಷ್ಟು ಉದ್ದದ ಸರತಿ ಬೇಕಾಗಿರಲಿಲ್ಲ. ಜಗತ್ತಿನ ಎಣ್ಣೆ ಬಿಕ್ಕಟ್ಟಿಗೆ ಅವರು ಕಂಡುಹಿಡಿದ ಕಾರಣ ಒಂದೇ: ಚಾಲಕರ ಬಲಗಾಲು.

ಬಲಗಾಲಿಗೆ ಮದ್ದೂ ಅವರಲ್ಲಿತ್ತು. ಹೊಸ ಹೊಸ ಉಪಾಯಗಳನ್ನು ಮೊದಲು ಎಲ್ಲಕ್ಕಿಂತ ಕೆಟ್ಟ ಬಸ್ಸಿನ ಮೇಲೆ ಪ್ರಯೋಗಿಸಬೇಕು ಎಂದರು. ರಿಜಿಸ್ಟರ್ ಪ್ರಕಾರ ಕೆಟ್ಟ ಬಸ್ಸೆಂದರೆ ಯಲ್ಲಪ್ಪನದು.

ಮೊದಲ ಉಪಾಯ: ಪ್ರತಿ ನಿಲುಗಡೆಯಲ್ಲಿ ಎಂಜಿನ್ ಬಂದ್ ಮಾಡುವುದು. ಓದಲು ಬಹಳ ಚೆನ್ನಾದ ಆದೇಶ. ಗದಗದಿಂದ ಡಂಬಳದ ಮೇಲೆ ಮುಂಡರಗಿಗೆ ಹೋಗುವ ದಾರಿಯಲ್ಲಿ ಹತ್ತೊಂಬತ್ತು ನಿಲುಗಡೆ. ಆ ಬಸ್ಸಿನ ಬ್ಯಾಟರಿ ನಾಲ್ಕು ಸಲ ಎಂಜಿನ್ ಎಬ್ಬಿಸಿದರೆ ಐದನೆಯ ಸಲಕ್ಕೆ ಗೊರಕೆ ಹೊಡೆಯುತ್ತಿತ್ತು. ಆದೇಶ ಬಂದದ್ದು ಜನವರಿ ೧೮. ತಿಂಗಳ ಕೊನೆಯವರೆಗೆ ಪ್ರಯಾಣಿಕರು ಇಳಿದು ಬಸ್ಸು ದೂಡಿದ್ದು ನಲವತ್ತೊಂದು ಸಲ. ಕಂಡಕ್ಟರನಿಗೆ ಹೇಳಿ ಎಣಿಸಿಟ್ಟಿದ್ದೆ. ಡಂಬಳದಲ್ಲಿ ಹತ್ತಿದ ಒಬ್ಬ ಅಜ್ಜಿ ಎಲ್ಲರೂ ಇಳಿದರೂ ಇಳಿಯಲಿಲ್ಲವಂತೆ. “ದೂಡೂದಾದ್ರ ನನಗ ಟಿಕೀಟ್ ಯಾಕ ಹರದಿ? ಕೂಲಿ ಚೀಟಿ ಹರಿ” ಎಂದಳಂತೆ. ಎಂಜಿನ್ ಮತ್ತೆ ಮತ್ತೆ ತಣ್ಣಗಾಗಿ ಎದ್ದಿದ್ದರಿಂದ ಆ ಎರಡು ವಾರ ಡೀಸೆಲ್ ಇನ್ನೂ ಹೆಚ್ಚು ಖರ್ಚಾಯಿತು. ಸಾಹೇಬರು ಅಂಕಿ ನೋಡಿ ತಲೆಯಾಡಿಸಿದರು: “ನೋಡಿದ್ಯಾ? ಉಪಾಯ ಮಾಡಿದ್ರೂ ಮಗಾ ಮಾರ್ಲಿಕ್ಕೆ ಹತ್ಯಾನ.”

ಎರಡನೆಯದು ಇದ್ದಿಲು. ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ ಇದ್ದಿಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದದ್ದನ್ನು ಸಾಹೇಬರು ಚಿಕ್ಕವರಿದ್ದಾಗ ನೋಡಿದ್ದರು. ನಮ್ಮ ಹಿರಿಯ ಮೆಕ್ಯಾನಿಕ್ ಖಾದರಸಾಬರು ಅಂಥ ಬಸ್ಸಿನಲ್ಲಿ ಕ್ಲೀನರ್ ಆಗಿ ಮಸಿ ತಿಂದವರು. ಅವರನ್ನು ಕರೆಸಿದರು.

“ಆಗ ಓಡಿತ್ತಲ್ಲೋ ಖಾದರಸಾಬ?”

“ಓಡಿತ್ರಿ. ಅವು ಪೆಟ್ರೋಲ್ ಗಾಡಿ. ಅದರಾಗ ಕಿಡಿ ಹಾರೂ ಪ್ಲಗ್ ಇರ್ತಿತ್ತು, ಗ್ಯಾಸಿಗೆ ಬೆಂಕಿ ಹತ್ತತಿತ್ತು. ಡೀಸೆಲ್ ಎಂಜಿನ್ದಾಗ ಕಿಡಿ ಎಲ್ಲೈತ್ರಿ ಸಾಹೇಬ್ರ? ಡೀಸೆಲ್ ಪೂರಾ ಬಂದ್ ಮಾಡಿದ್ರ ಗ್ಯಾಸ್ ಸುಮ್ನ ಒಳಗ ಬಂದು ಹೊರಗ ಹೊಕ್ಕೈತಿ, ಬೀಗರ ಮನಿಗೆ ಬಂದ್ಹಂಗ.”

“ಮೊದಲ ಬ್ಯಾಡ ಅನ್ನಬ್ಯಾಡ. ಹಚ್ಚು.”

ಹಳೆಯ ಡಾಂಬರು ಪೀಪಾಯಿಯೊಂದನ್ನು ಬೆಸೆದು ಬಸ್ಸಿನ ಹಿಂದೆ ಕಟ್ಟಿದರು. ಫೆಬ್ರವರಿ ೧೧ರ ಸೋಮವಾರ ಮಲ್ಲಸಮುದ್ರದವರೆಗೆ ಹೋಗಿ ಬರುವುದೆಂದು ತೀರ್ಮಾನ. ಸಾಹೇಬರು ಹಿಂದೆ ಜೀಪಿನಲ್ಲಿ. ಡೀಸೆಲಿನ ಜೊತೆ ಗ್ಯಾಸ್ ಸೇರಿಸಿ ಬಿಟ್ಟಷ್ಟು ಹೊತ್ತು ಬಸ್ಸು ಕೆಮ್ಮುತ್ತಾ ಓಡಿತು, ಖರೆ ಹೇಳಬೇಕೆಂದರೆ ಡೀಸೆಲ್ ಸ್ವಲ್ಪ ಕಡಿಮೆಯೂ ಹಿಡಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಒಂದು ವಿದ್ಯೆ ಕೈಗೆ ಬರುತ್ತಿತ್ತೇನೋ. ಊರ ಅಂಚು ದಾಟುತ್ತಲೇ ಸಾಹೇಬರು ಜೀಪಿನಿಂದ ಕೈಬೀಸಿ, “ಈಗ ಡೀಸೆಲ್ ಪೂರಾ ತಗೀ!” ಎಂದು ಕೂಗಿದರು. ತೆಗೆದರು. ಬಸ್ಸು ನಿಂತಿತು. ಮತ್ತೆ ಎಬ್ಬಿಸಲು ಬ್ಯಾಟರಿಯಲ್ಲಿ ಜೀವವಿರಲಿಲ್ಲ, ದೂಡಲು ಪ್ರಯಾಣಿಕರಿರಲಿಲ್ಲ. ಹೊಲದಲ್ಲಿದ್ದ ಒಬ್ಬ ರೈತ ಎರಡು ಜೋಡಿ ಎತ್ತು ತಂದು ಹಗ್ಗ ಕಟ್ಟಿದ.

“ಸಾಹೇಬ್ರ,” ಎಂದ ಅವನು, “ಇವಕ ಮೇವು ಹಾಕಿದ್ರ ಸಾಕ್ರಿ. ಅರಬರನ್ನ ಕೇಳೂದು ಬ್ಯಾಡ.”

ಆ ದಿನದ ನನ್ನ ದಾಖಲೆ: ಇದ್ದಿಲು ಎರಡು ಚೀಲ, ಬಸ್ಸಿಗೆ ಡೀಸೆಲ್ ಒಂಬತ್ತು ಲೀಟರ್, ಎತ್ತು ನಾಲ್ಕು, ನೋಡಲು ಬಂದವರು ಲೆಕ್ಕ ತಪ್ಪಿತು. ಆ ಒಂಬತ್ತು ಲೀಟರನ್ನು ನಾನು ಯಲ್ಲಪ್ಪನ ಹೆಸರಿಗೇ ಹಾಕಿದೆ. ಬಸ್ಸು ಯಾರದೋ, ಡೀಸೆಲ್ಲೂ ಅವರದೇ ಎಂಬುದು ನಿಯಮ.

ಮೂರನೆಯದು ಶೇಂಗಾ ಎಣ್ಣೆ. ಫೆಬ್ರವರಿ ಕೊನೆಗೆ ಒಬ್ಬ ಎಣ್ಣೆ ಗಿರಣಿಯವರು, ತಳದಲ್ಲಿ ನಿಂತ ಮಡ್ಡಿ ಎಣ್ಣೆ ನಾಲ್ಕು ಡಬ್ಬಿ ಪುಕ್ಕಟೆ ಕೊಟ್ಟರು. ಡೀಸೆಲಿಗೆ ಬೆರೆಸಿ ಹಾಕಿದೆವು. ಬಸ್ಸು ಓಡಿತು, ಎರಡು ದಿನ ಬಹಳ ಚೆನ್ನಾಗಿ ಓಡಿತು. ಆದರೆ ಹೊಗೆ ಥೇಟು ಮಿರ್ಚಿ ಕರಿಯುವ ಬಾಣಲೆಯ ವಾಸನೆ. ಮುಂಡರಗಿ ಸ್ಟ್ಯಾಂಡಿನಲ್ಲಿ ಆ ಚಹಾ ಅಂಗಡಿಯವನು, “ಯಲ್ಲಪ್ಪಾ, ಡೀಸೆಲ್ ಮಾರೂದು ಬಿಟ್ಟು ಭಜಿ ಶುರು ಮಾಡಿಯೇನಪಾ, ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡೋ” ಎಂದನಂತೆ. ಮೂರನೆಯ ದಿನ ಎಣ್ಣೆ ಸಿಂಪಡಿಸುವ ನಾಜಲ್‌ಗಳು ಅಂಟಿನಿಂದ ಕಟ್ಟಿಕೊಂಡವು. ಖಾದರಸಾಬರು ಅವನ್ನು ಬಿಚ್ಚಿ ತೊಳೆದರು. ತೊಳೆಯಲು ಬಳಸಿದ್ದು ಡೀಸೆಲ್. ಅದೂ ಯಲ್ಲಪ್ಪನ ಹೆಸರಿಗೆ.

ಮುಂದೆ ಬಂದ ತಿಳಿದವರು ಎಣ್ಣೆಯನ್ನು ಸೋಸಿ, ಕಾಯಿಸಿ, ಔಷಧಿ ಹಾಕಿ ಹದ ಮಾಡಿ ಎಂಜಿನ್ ಓಡಿಸಿದರು. ಇದ್ದಿಲಿನ ಗ್ಯಾಸಿನಿಂದ ಪಂಪುಗಳೂ ತಿರುಗಿದವು. ಕಪ್ಪತಗುಡ್ಡದ ಗಾಳಿ ಇದಿರು ಬೀಸಿ ಡೀಸೆಲ್ ತಿನ್ನುತ್ತದೆ ಎಂದು ನಮ್ಮ ಚಾಲಕರು ಶಪಿಸುತ್ತಿದ್ದರು, ಅದೇ ಗಾಳಿ ಈಗ ವಿದ್ಯುತ್ತು ಕೊಡುತ್ತಿದೆ. ಎಣ್ಣೆಗೆ ಬದಲಿ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸೋಮವಾರ ಕಟ್ಟಿ ಸೋಮವಾರವೇ ಫಲ ಬೇಕೆನ್ನುವವರ ಕೈಯಲ್ಲಿ ಯಾವ ಬದಲಿಯೂ ಬದುಕುವುದಿಲ್ಲ, ಅಷ್ಟೇ.

ಮಾರ್ಚ್ ಎರಡನೆಯ ವಾರ ಯಲ್ಲಪ್ಪ ಜ್ವರ ಹಿಡಿದು ಮಲಗಿದ. ಲಕ್ಷ್ಮೇಶ್ವರ ಬಸ್ಸಿನ ಚಾಲಕನನ್ನು ಒಂಬತ್ತು ದಿನ ಮುಂಡರಗಿ ಬಸ್ಸಿಗೆ ಹಾಕಿದರು. ಇವನು ಡೀಸೆಲ್ ಉಳಿಸಿದ್ದಕ್ಕೆ ಸಾಹೇಬರ ಕೈಯಿಂದ ಸ್ಟೀಲಿನ ಊಟದ ಡಬ್ಬಿ ಬಹುಮಾನ ಪಡೆದವನು. ಅವನು ಬಸ್ಸು ಓಡಿಸುವುದನ್ನು ನೋಡಿದರೆ ಹಿಂದೆ ಯಾರೋ ಬೆನ್ನಟ್ಟಿದ್ದಾರೆ ಅನ್ನಿಸುತ್ತಿತ್ತು. ಒಂಬತ್ತು ದಿನದ ಸರಾಸರಿ ತೆಗೆದೆ: ನಾಲ್ಕಕ್ಕಿಂತ ಕಡಿಮೆ. ಬಹುಮಾನದವನೂ ಮುಂಡರಗಿ ದಾರಿ ಹಿಡಿದ ಕೂಡಲೇ ಕಳ್ಳನಾಗಿದ್ದ.

ಆಗ ನಾನು ಮೊದಲೇ ಮಾಡಬೇಕಿದ್ದ ಒಂದು ಕೆಲಸ ಮಾಡಿದೆ. ಅಂಕಿಗಳನ್ನು ಚಾಲಕರ ಹೆಸರಿನಡಿ ಬಿಟ್ಟು ದಾರಿಯ ಹೆಸರಿನಡಿ ಬರೆದೆ. ಕೆಲವು ದಾರಿಗಳಲ್ಲಿ ಯಾರೇ ಓಡಿಸಲಿ ಸಾಚಾಗಳು, ಕೆಲವು ದಾರಿಗಳಲ್ಲಿ ಯಾರೇ ಓಡಿಸಲಿ ಕಳ್ಳರು. ಹಾಗಾದರೆ ಡೀಸೆಲ್ ಕುಡಿಯುತ್ತಿರುವುದು ಕಾಲಲ್ಲ, ದಾರಿ.

ಬಸ್ಸಿನ ಕಿಲೋಮೀಟರ್ ಮೀಟರುಗಳು ಕೆಟ್ಟು ವರ್ಷಗಳಾಗಿದ್ದವು. ಎಷ್ಟು ಓಡಿತೆಂಬುದನ್ನು ಗೋಡೆಯ ಮೇಲಿನ ದೂರದ ಚಾರ್ಟ್ ನೋಡಿ ಬರೆಯುತ್ತಿದ್ದೆವು. ಮುಂಡರಗಿಗೆ ಮೂವತ್ತಾರು ಕಿಲೋಮೀಟರ್, ದಿನಕ್ಕೆ ಆರು ಸಲ. ಆ ಮೂವತ್ತಾರನ್ನು ಯಾರಾದರೂ ಅಳೆದಿದ್ದಾರೆಯೇ? ರಸ್ತೆಯ ಕಲ್ಲುಗಳನ್ನು ನಂಬುವಂತಿರಲಿಲ್ಲ. ಕೆಲವು ಹಳೆಯ ಮೈಲುಗಲ್ಲು, ಕೆಲವು ಹೊಸ ಕಿಲೋಮೀಟರ್ ಕಲ್ಲು, ಕೆಲವು ಯಾರದೋ ಮನೆಯ ಬಟ್ಟೆ ಒಗೆಯುವ ಕಲ್ಲು.

ಮಾರ್ಚ್ ೨೪ರ ಭಾನುವಾರ ಬೆಳಿಗ್ಗೆ ಐದೂವರೆಗೆ ಸೈಕಲ್ ಹತ್ತಿದೆ. ಗಾಲಿ ಒಂದು ಸುತ್ತಿಗೆ ಇನ್ನೂರಿಪ್ಪತ್ತು ಸೆಂಟಿಮೀಟರ್ ಉರುಳುತ್ತದೆಂದು ಅಪ್ಪ ಸೀರೆ ಅಳೆಯುವ ಪಟ್ಟಿಯಿಂದ ಹಿಂದಿನ ದಿನ ಅಳೆದುಕೊಂಡಿದ್ದೆ. ಗಾಲಿಯ ಒಂದು ಕಡ್ಡಿಗೆ ತಗಡಿನ ಚೂರು ಕಟ್ಟಿದ್ದೆ, ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ನೂರು ಟಕ್ ಆದಾಗ ಎಡ ಜೇಬಿನಿಂದ ಒಂದು ಹುಣಸೆ ಬೀಜ ತೆಗೆದು ಬಲ ಜೇಬಿಗೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವಂತಿರಲಿಲ್ಲ. ಡಂಬಳದ ಕೆರೆಯ ಹತ್ತಿರ ಇಬ್ಬರು ನನ್ನನ್ನು ನೋಡಿ, “ಪಾಪ, ನೇಕಾರರ ಹುಡುಗ, ಶ್ಯಾಣ್ಯಾ ಇದ್ದ” ಎಂದು ಹೇಳಿಕೊಂಡದ್ದು ಕೇಳಿಸಿತು. ಮುಂಡರಗಿ ಸ್ಟ್ಯಾಂಡಿನಲ್ಲಿ ಬಲ ಜೇಬಿನಲ್ಲಿ ನೂರಾ ಎಪ್ಪತ್ತೈದು ಬೀಜ, ಬಾಯಲ್ಲಿ ಐವತ್ತು ಟಕ್. ಮೂವತ್ತೆಂಟು ಕಿಲೋಮೀಟರ್ ಆರುನೂರಾ ಹತ್ತು ಮೀಟರ್.

ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು ದಾರಿ ಯಲ್ಲಪ್ಪ ದಿನಕ್ಕೆ ಆರು ಸಲ ಪುಕ್ಕಟೆ ಓಡಿಸುತ್ತಿದ್ದ. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಸಾಮಾನ್ಯ ದಿನಗಳಲ್ಲಿ ಅವನ ಸರಾಸರಿ ನಾಲ್ಕು ದಾಟುತ್ತಿತ್ತು.

ಮರುದಿನ ಕಪಾಟಿನಿಂದ ಹಳೆಯ ಚಾರ್ಟ್ ತೆಗೆದೆ. ಅದು ಮೈಲಿನಲ್ಲಿತ್ತು: ಮುಂಡರಗಿ ಇಪ್ಪತ್ನಾಲ್ಕು ಮೈಲು. ಅದರ ಮೇಲೆ ಪೆನ್ಸಿಲಿನಲ್ಲಿ, “ಒಂದು ಮೈಲಿಗೆ ಒಂದೂವರೆ ಕಿ.ಮೀ. ಹಿಡಿದಿದೆ.” ಅಕ್ಷರ ಯಾರದೆಂದು ಹುಡುಕಬೇಕಾಗಲಿಲ್ಲ. ನನ್ನದೇ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಕೆಲಸಕ್ಕೆ ಸೇರಿದ ವಾರ ಸಾಹೇಬರು ಈ ಚಾರ್ಟನ್ನು ಕಿಲೋಮೀಟರಿಗೆ ಇಳಿಸಲು ಕೊಟ್ಟಿದ್ದರು. ಮೈಲಿಗೆ ಒಂದು ಪಾಯಿಂಟ್ ಆರು ಎಂದು ನಾನು ಶಾಲೆಯಲ್ಲಿ ಕಲಿತಿದ್ದೆ, ಹೇಳಿಯೂ ಇದ್ದೆ. ಅವರು, “ಒಂದೂವರಿ ಹಿಡಿಯೋ, ಬಾಯಿಲೆಕ್ಕದಾಗ ಮುಗೀತದ” ಎಂದರು. ಹೊಸ ನೌಕರಿ, ಹಿಡಿದೆ. ಕಿಲೋಮೀಟರ್ ಕಲ್ಲು ನೋಡಿ ಬರೆದ ಲಕ್ಷ್ಮೇಶ್ವರದಂಥ ದಾರಿಗಳು ಸರಿಯಿದ್ದವು. ಮೈಲಿನಿಂದ ಇಳಿದ ದಾರಿಗಳೆಲ್ಲ ಕಾಗದದ ಮೇಲೆ ಗಿಡ್ಡವಾದವು. ಒಂದು ವರ್ಷದಿಂದ ನಾನು ನನ್ನ ತಪ್ಪಿಗೆ ಬೇರೆಯವರ ಹೆಸರಿನ ಮುಂದೆ ಕೆಂಪು ಶಾಯಿ ಹಾಕುತ್ತಿದ್ದೆ.

ಸಾಹೇಬರ ಮುಂದೆ ಎರಡೂ ಚಾರ್ಟ್ ಇಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿದರು.

“ಇದನ್ನ ತಿದ್ದಿದ್ರ ಒಂದು ವರ್ಷದ ರಿಪೋರ್ಟ್ ಎಲ್ಲಾ ಸುಳ್ಳು ಆಗ್ತಾವಲ್ಲೋ.”

“ಈಗೂ ಸುಳ್ಳೇ ಅದಾವ್ರಿ ಸಾಹೇಬ್ರ.”

“ಈಗ ಸುಳ್ಳು ಅಂತ ನಿನಗ ಒಬ್ಬಗ ಗೊತ್ತು. ತಿದ್ದಿದ್ರ ಹೆಡ್ಡಾಫೀಸಿಗೆ ಗೊತ್ತಾಗ್ತದ. ಫರಕ್ ಇಲ್ಲೇನು?”

ಏಪ್ರಿಲ್ ೮ಕ್ಕೆ ಎರಡು ವಾರ ಇತ್ತು. ಖಾದರಸಾಬರಿಗೆ ಹೇಳಿದೆ. ಅವರು ಬೀಡಿ ಆರಿಸಿ ಸಾಹೇಬರ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತೆ.

“ಸಾಹೇಬ್ರ, ಹೆಡ್ಡಾಫೀಸಿನಾವ್ರು ಡೀಸೆಲ್ ಉಳಸ್ರಿ ಉಳಸ್ರಿ ಅಂತ ವಾರಕ್ಕೊಂದು ಕಾಗದ ಕಳಸ್ತಾರಲ್ರಿ?”

“ಹೌದು.”

“ಏಪ್ರಿಲ್ ಒಂದರಿಂದ ಹೊಸ ಚಾರ್ಟ್ ಹಾಕ್ರಿ. ಒಂದು ತೊಟ್ಟು ಉಳಸದ ಇಡೀ ಡಿಪೋದ ಸರಾಸರಿ ಮ್ಯಾಲ ಹೊಕ್ಕೈತಿ. ಯಾರ ಹೆಸರಿಗೆ ಬರ್ತೈತಿ ನೀವ ನೋಡ್ರಿ.”

ಏಪ್ರಿಲ್ ಒಂದರಂದು ಹೊಸ ಚಾರ್ಟ್ ಗೋಡೆಗೆ ಏರಿತು. ಮೇಲೆ ಅವರದೇ ಸಹಿ. ಜುಲೈನಲ್ಲಿ ಇಂಧನ ಉಳಿತಾಯದಲ್ಲಿ ಅಸಾಧಾರಣ ಪ್ರಗತಿ ಸಾಧಿಸಿದ್ದಕ್ಕೆ ಅವರಿಗೆ ಮೆಚ್ಚುಗೆ ಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿದರು. ೧೯೭೯ರಲ್ಲಿ ಬೆಲೆ ಮತ್ತೆ ಏರಿದಾಗ ಅದರ ನಕಲು ತರಿಸಿಕೊಂಡು ನಮ್ಮ ವಿಧಾನ ಕಲಿಯಲು ಬೇರೆ ಡಿಪೋದವರು ಬಂದರು. ಚಹಾ ಕುಡಿಸಿ ಕಳಿಸಿದೆವು.

ಆದರೆ ಹೊಸ ಚಾರ್ಟ್ ಏಪ್ರಿಲಿನಿಂದ. ಜನವರಿಯಿಂದ ಮಾರ್ಚಿನವರೆಗಿನ ಲೆಕ್ಕ ಹಳೆಯದರಲ್ಲೇ ಆಗಬೇಕೆಂದು ಸಾಹೇಬರು ಪಟ್ಟು ಹಿಡಿದರು. ಅಂದರೆ ಯಲ್ಲಪ್ಪನ ಮೂರನೆಯ ಗುರುತು ಬೀಳಲೇಬೇಕು. ನಾನು ಒಂದು ಅರ್ಜಿ ಬರೆದೆ: ಚಾರ್ಟ್ ಇಳಿಸುವಾಗ ಲೆಕ್ಕ ತಪ್ಪಿದವನು ನಾನು, ಮೈಲಿನ ದಾರಿಗಳ ಗುರುತುಗಳೆಲ್ಲ ರದ್ದಾಗಬೇಕು, ಪ್ರಯೋಗಗಳಿಗೆ ಹೋದ ಡೀಸೆಲ್ ಬೇರೆ ಬರೆಯಬೇಕು. ಒಂದೂವರೆ ಹಿಡಿಯಲು ಹೇಳಿದವರು ಯಾರೆಂದು ಬರೆಯಲಿಲ್ಲ. ಅದನ್ನು ಬರೆಯದಿದ್ದುದಕ್ಕೇ ಸಾಹೇಬರ ಸಹಿ ಸಿಕ್ಕಿತು. ಏಪ್ರಿಲ್ ೮ರಂದು ಯಲ್ಲಪ್ಪನ ಎರಡು ಗುರುತುಗಳ ಮೇಲೆ ಗೆರೆ ಎಳೆದೆ, ಮೂರನೆಯದು ಬೀಳಲಿಲ್ಲ. ನನ್ನ ಸರ್ವಿಸ್ ಪುಸ್ತಕದಲ್ಲಿ “ಕೆಲಸದಲ್ಲಿ ಅಜಾಗರೂಕತೆ” ಎಂದು ಒಂದು ಸಾಲು ಬಿತ್ತು.

ಯಲ್ಲಪ್ಪ ಬಂದು ರಿಜಿಸ್ಟರ್ ತಿರುಗಿಸಿ ನೋಡಿದ. ಉಪಕಾರ ಆಯಿತು ಎನ್ನುತ್ತಾನೆಂದು ಕಾದೆ.

“ಲೇ ತಮ್ಮಾ, ಶಾಲಿ ಕಲತಾಂವ ನೀನು. ಒಂದೂವರಿ ಅಂತ ಬರೀಬೇಕಾದ್ರ ಕೈ ನಡಗಲಿಲ್ಲೇನೋ?”

“ಸಾಹೇಬ್ರು ಹೇಳಿದ್ರು, ಯಲ್ಲಪ್ಪಣ್ಣ.”

“ನನಗೂ ಹೇಳಿದ್ರು, ಎಂಜಿನ್ ಬಂದ್ ಮಾಡು ಅಂತ. ಮಾಡ್ದೆ. ದೂಡಿದವರು ಮಂದಿ.” ಗೆರೆ ಎಳೆದ ಗುರುತುಗಳ ಮೇಲೆ ಬೆರಳಾಡಿಸಿದ. ಬೆರಳು ಮೇಲಿನ ಸಾಲಿಗೆ ಹೋಗಿ ನಿಂತಿತು. “ನಂದು ಆತು. ದ್ಯಾಮಣ್ಣಗ ಯಾರು ಹೇಳಾವ್ರು?”

ದ್ಯಾಮಣ್ಣ ಹೊಂಬಳ ಬಸ್ಸಿನ ಚಾಲಕ. ಅದೂ ಮೈಲಿನ ದಾರಿ. ಯಲ್ಲಪ್ಪ ನಾನು ಚಾರ್ಟ್ ಇಳಿಸಿದ ಮೇಲಿನ ಮೊದಲ ಮೂರು ತಿಂಗಳು ಲಕ್ಷ್ಮೇಶ್ವರ ದಾರಿಯಲ್ಲಿದ್ದುದರಿಂದ ಎರಡು ಗುರುತಿಗೆ ಉಳಿದಿದ್ದ. ದ್ಯಾಮಣ್ಣ ಆಗಿನಿಂದಲೂ ಹೊಂಬಳಕ್ಕೇ ಓಡಿಸಿದ್ದ. ಅವನ ಮೂರನೆಯ ಗುರುತು ಜನವರಿಯಲ್ಲೇ ಬಿದ್ದಿತ್ತು. ಬಸ್ಸು ತೊಳೆಯಲು ಹೇಳಿದಾಗ ಅವನು ಬಕೀಟು ಮುಟ್ಟಲಿಲ್ಲ, ಟೊಪ್ಪಿಗೆ ತೆಗೆದು ನನ್ನ ಮೇಜಿನ ಮೇಲಿಟ್ಟು ಹೊರಟುಹೋದ. ಮೈಲಿನ ದಾರಿಗಳಲ್ಲಿ ಐವರು ಚಾಲಕರಿದ್ದರು. ನಾಲ್ವರಿಗೆ ನಾನೇ ಹೋಗಿ ತಪ್ಪು ನನ್ನದೆಂದು ಹೇಳಿದೆ. ಐದನೆಯವನು ಸಿಗಲಿಲ್ಲ. ರಿಜಿಸ್ಟರಿನಲ್ಲಿದ್ದ ವಿಳಾಸ ಗದಗಿನ ಬಾಡಿಗೆ ಮನೆ. ಹೋದಾಗ ಬೀಗ ಬದಲಾಗಿತ್ತು. ಶಿರಹಟ್ಟಿ ಕಡೆಯವನು ಎಂದು ಒಬ್ಬರು, ಗೋವಾದಲ್ಲಿ ಲಾರಿ ಓಡಿಸುತ್ತಾನೆ ಎಂದು ಇನ್ನೊಬ್ಬರು. ಎರಡೂ ಕಡೆ ವಿಚಾರಿಸಿ ನೋಡಿದೆ. ಅವನು ಹೋದ ದಿನ ಅವನ ಬಸ್ಸಿನ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಉಳಿದಿತ್ತೆಂದು ನನ್ನ ದಿನಚರಿಯಲ್ಲಿದೆ. ಅವನ ಊರು ಯಾವುದೆಂದು ಇಲ್ಲ.

ಎತ್ತರದ ಆಳು, ಎಡ ಹುಬ್ಬಿನ ಮೇಲೆ ಗಾಯದ ಕಲೆ, ಆಗ ಮೂವತ್ತೈದು ಇದ್ದೀತು. ದ್ಯಾಮಣ್ಣನನ್ನೋ ಅವನ ಮಕ್ಕಳನ್ನೋ ಬಲ್ಲವರು ಯಾರಾದರೂ ಇದನ್ನು ಓದಿದರೆ ಈ ಪುಸ್ತಕದ ಪ್ರಕಾಶಕರಿಗೆ ಒಂದು ಸಾಲು ಬರೆದು ತಿಳಿಸಿ. ಅವರ ಮನೆಯಲ್ಲಿ ಇಷ್ಟು ಹೇಳಿದರೂ ಸಾಕು: ನಿಮ್ಮ ತಂದೆ ಡೀಸೆಲ್ ಕದಿಯಲಿಲ್ಲ, ಹೊಂಬಳ ನಾವು ಬರೆದದ್ದಕ್ಕಿಂತ ದೂರವಿತ್ತು.